ನೆಮ್ಮದಿಯವರ ಎರವಲು ಕಷ್ಟ

ಮನುಷ್ಯನಿಗೆ ಕಷ್ಟ ಬಂದರೆ ಏನು ಮಾಡಬೇಕೆಂದು ಹೇಳುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಕಷ್ಟವೇ ಬಾರದಿದ್ದರೆ ಅವನ ಗತಿ ಏನು ಎಂದು ಯೋಚಿಸಿದವರು ಮಾತ್ರ ಯಾರೂ ಇಲ್ಲ. ನೀರಿನ ಮೀಟರ್ ರಿಪೇರಿ ಶೆಡ್ಡಿನ ಹಿರಿಯ ಮೆಕ್ಯಾನಿಕ್ಕು ಅಂಥದೊಂದು ಗತಿಗೆ ಸಿಕ್ಕಿಕೊಂಡಿದ್ದರು. ಶೆಡ್ಡಿನವರು ಅವರಿಗೆ ಇಟ್ಟ ಹೆಸರು ನೆಮ್ಮದಿ. ಅದು ಹೊಗಳಿಕೆಯಲ್ಲ.

ಓಡುವುದನ್ನು ನಿಲ್ಲಿಸಿದ ಮೀಟರುಗಳು, ಓಡಬೇಕಾದ್ದಕ್ಕಿಂತ ಜೋರಾಗಿ ಓಡಿ ಮನೆಯವರ ಶಾಪಕ್ಕೆ ಗುರಿಯಾದ ಮೀಟರುಗಳು, ಎಲ್ಲವೂ ಗೋಣಿಚೀಲದಲ್ಲಿ ತುಂಬಿಕೊಂಡು ಆ ಶೆಡ್ಡಿಗೆ ಬರುತ್ತಿದ್ದವು. ಅವನ್ನು ಬಿಚ್ಚಿ, ಹಲ್ಲುಚಕ್ರಗಳ ಕೆಸರು ತೊಳೆದು, ಮಬ್ಬಾದ ಗಾಜು ತೆಗೆದು ಹೊಸದನ್ನು ಕೂರಿಸಿ, ಸೀಲು ಒತ್ತಿ ಕಳಿಸುವುದು ಅಲ್ಲಿಯ ಕೆಲಸ. ಇದು ಸಂಬಳಕ್ಕೆ ಮಾಡುವ ಕೆಲಸವಾಯಿತು. ಮನಸ್ಸಿಟ್ಟು ಮಾಡುತ್ತಿದ್ದ ಕೆಲಸವೆಂದರೆ ಮಧ್ಯಾಹ್ನದ ಊಟ.

ಆ ಊಟದ ಮೇಜಿಗೆ ಒಂದು ಪದ್ಧತಿಯಿತ್ತು. ಡಬ್ಬಿ ಬಿಚ್ಚುವವರು ಜೊತೆಗೆ ಮನೆಯ ಒಂದು ಕಷ್ಟವನ್ನೂ ಬಿಚ್ಚಬೇಕು. ಸ್ಟೋರ್‌ಕೀಪರಿಗೆ ತಮ್ಮನ ಮೇಲೆ ಒಂದು ಗೋಡೆಯ ವಿಷಯದಲ್ಲಿ ಕೋರ್ಟು ಕೇಸಿತ್ತು. ಗೋಡೆ ಎಂದೋ ಬಿದ್ದುಹೋಗಿದ್ದರೂ ಕೇಸು ಗಟ್ಟಿಯಾಗಿ ನಿಂತಿತ್ತು. ವೆಲ್ಡರನ ಇಬ್ಬರು ಸೊಸೆಯರು ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಅಡುಗೆ ಮಾಡುವವರು. ಟೈಪಿಸ್ಟ್ ಮೇಡಂಗೆ ಗಂಡನೊಬ್ಬನೇ ಸಾಕಾಗಿದ್ದ, ಬೇರೆ ಕಷ್ಟ ಹುಡುಕಬೇಕಾದ ಪ್ರಮೇಯವಿರಲಿಲ್ಲ. ಕಷ್ಟ ದೊಡ್ಡದಾದಷ್ಟೂ ಫ್ಯಾನಿಗೆ ಹತ್ತಿರದ ಜಾಗ. ಉಳಿದವರ ಡಬ್ಬಿಯಿಂದ ಒಂದು ತುಂಡು ಹುರಿದ ಆಲೂಗಡ್ಡೆಯೋ ಅರ್ಧ ಮೊಟ್ಟೆಯೋ ಆ ಕಷ್ಟದವರ ಡಬ್ಬಿಗೆ ಬೀಳುತ್ತಿತ್ತು.

ನೆಮ್ಮದಿಯವರ ಜಾಗ ಕೈ ತೊಳೆಯುವ ನಲ್ಲಿಯ ಪಕ್ಕ. ಊಟ ಮುಗಿಸಿ ಎದ್ದವರೆಲ್ಲ ಅವರ ಬೆನ್ನಿಗೆ ನೀರು ಸಿಡಿಸಿಯೇ ಹೋಗುತ್ತಿದ್ದರು. ಅವರ ಹೆಂಡತಿ ಜಗಳವಾಡುವವರಲ್ಲ. ಮೇಜಿಗೆ ಏನಾದರೂ ಸಿಗಲಿ ಎಂದು ಒಂದು ದಿನ ಇವರೇ ಕಾಲು ಕೆರೆದು ಜಗಳ ತೆಗೆದಾಗ ಆಕೆ ಒಳಗೆ ಹೋಗಿ ಜ್ವರ ನೋಡುವ ಕಡ್ಡಿ ತಂದು ಇವರ ಬಾಯಿಗೆ ಇಟ್ಟಿದ್ದರು. ಅಂಥ ಮನೆಯಲ್ಲಿ ಕಷ್ಟ ಹುಟ್ಟುವುದು ಹೇಗೆ?

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು, ನೆಮ್ಮದಿಯವರ ಅಕ್ಕನ ಮಗಳು. ಅಕ್ಕ ದೂರದೂರಿಗೆ ಕೆಲಸಕ್ಕೆ ಹೋದಾಗ ಶಾಲೆಯನ್ನು ಅರ್ಧಕ್ಕೆ ಬಿಟ್ಟು ಇವರ ಮನೆಗೆ ಬಂದವಳು. ಮೂಲೆಯಲ್ಲಿ ಹೊಲಿಗೆ ಮಿಷನ್ನಿನ ಹಿಂದೆ ಕೂತು ನೆರೆಹೊರೆಯವರ ಬಟ್ಟೆ ಹಿಡಿದು ಬಿಟ್ಟು ಮಾಡಿಕೊಡುತ್ತಿದ್ದಳು. ಮಾತು ಎಷ್ಟು ಕಡಿಮೆಯೆಂದರೆ ಅವಳು ಕೋಣೆಯಲ್ಲಿದ್ದಾಳೋ ಇಲ್ಲವೋ ತಿಳಿಯಲು ಮಿಷನ್ನಿಗೆ ಕಿವಿಗೊಡಬೇಕು. ಆದರೆ ನೋಡುವುದರಲ್ಲಿ ಏನೂ ಬಿಡುತ್ತಿರಲಿಲ್ಲ. ಬಂದವರ ಚಪ್ಪಲಿ ನೋಡಿದರೇ ಅವರು ಎಷ್ಟು ಹೊತ್ತು ಕೂರುತ್ತಾರೆಂದು ಅವಳಿಗೆ ಗೊತ್ತಾಗುತ್ತಿತ್ತು.

ಅವಳಿಗಿದ್ದ ಒಂದೇ ಚಟ ಶನಿವಾರ ಸಂಜೆಯ ಕಾರ್ಟೂನು. ಎಲ್ಲಿಯೋ ಸಮುದ್ರದಾಚೆಯ ಹಳೆಯ ಕಾಲದ ಕಥೆ, ಸಮುರಾಯ್ ಎಂಬ ಕತ್ತಿವೀರರ ಧಾರಾವಾಹಿ; ಮಾತನ್ನು ಮಾತ್ರ ನಮ್ಮ ಭಾಷೆಯಲ್ಲೇ ಆಡಿಸಿದ್ದರು. ಗಂಟೆ ಎರೆಯುವವನೊಬ್ಬ ತನ್ನೂರಿಗೆ ದೊಡ್ಡ ಗಂಟೆ ಎರೆದುಕೊಟ್ಟು ಸಾಯುತ್ತಾನೆ. ಕೋಟೆಯ ದೊರೆ ಆ ಗಂಟೆಯನ್ನು ಕರಗಿಸಿ ತೋಪು ಮಾಡಿಸಲು ಹೊತ್ತುಕೊಂಡು ಹೋಗುತ್ತಾನೆ. ಊರಿನ ಗಂಡಸರೆಲ್ಲ ಸಭೆ ಸೇರಿ ನಿಟ್ಟುಸಿರು ಬಿಡುತ್ತಾರೆ. ಗಂಟೆಗಾರನ ಮಗಳು, ಹದಿನಾರರ ಪೋರಿ, ಒಂದು ಕತ್ತೆಯನ್ನು ಹಿಡಿದುಕೊಂಡು, ಇನ್ನು ಮುಂದೆ ಕತ್ತಿ ಹಿರಿಯುವುದಿಲ್ಲವೆಂದು ಶಪಥ ಮಾಡಿ ಮರದ ಕೆಳಗೆ ಮಲಗಿದ್ದ ಒಬ್ಬ ಸಮುರಾಯ್‌ನನ್ನು ಒದ್ದು ಎಬ್ಬಿಸಿಕೊಂಡು, ಗಂಟೆ ತರಲು ಹೊರಡುತ್ತಾಳೆ. ದಾರಿಯಲ್ಲಿ ಸಿಕ್ಕ ಸೇನಾಪತಿಗಳನ್ನು ಬಯ್ಯುತ್ತಾಳೆ, ಇಬ್ಬರ ಊಟ ಒಬ್ಬಳೇ ಮಾಡುತ್ತಾಳೆ, ಕಾವಲಿಗೆ ಕೂತಲ್ಲೇ ಗೊರಕೆ ಹೊಡೆಯುತ್ತಾಳೆ. ಅವಳಿಗೆ ಹೆದರಿಕೆ ಎಂಬುದನ್ನು ಬರೆಯಲು ಕಥೆ ಬರೆದವರು ಮರೆತೇ ಬಿಟ್ಟಿದ್ದರು.

ಐವತ್ತು ದಾಟಿದ ನೆಮ್ಮದಿಯವರು ಕಾರ್ಟೂನು ನೋಡುತ್ತಾರೆಯೇ? ಇಲ್ಲ. ಅವರು ಪೇಪರು ಓದುತ್ತಿದ್ದರು. ಶನಿವಾರ ಸಂಜೆ ಆ ಅರ್ಧ ಗಂಟೆಯೂ ಒಂದೇ ಪುಟವನ್ನು, ಸ್ವಲ್ಪ ಕೆಳಗೆ ಇಳಿಸಿ ಹಿಡಿದು ಓದುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಅಕ್ಕನ ಮಗಳು ಅವರ ಡಬ್ಬಿ ತಂದುಕೊಟ್ಟವಳು ಅಲ್ಲೇ ನಿಂತಳು.

"ಮಾವ, ನಿಮ್ಮ ಶೆಡ್ಡಲ್ಲಿ ಗಾಜು ಕೂರಿಸೋ ಕೆಲಸ ಖಾಲಿ ಇದೆ ಅಂದಿದ್ರಿ. ನನಗೆ ಸಿಗುತ್ತಾ ಅಂತ ಸಾಹೇಬರನ್ನ ಕೇಳ್ತೀರಾ?"

ಮನೆಗೆ ಬಂದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ ಮೊದಲ ಮಾತು ಅದು. ಇವತ್ತೇ ಕೇಳುತ್ತೇನೆ ಎಂದು ನೆಮ್ಮದಿಯವರು ತಲೆ ಮುಟ್ಟಿಕೊಂಡು ಹೇಳಿದರು. ಸಿಬ್ಬಂದಿಯ ಮನೆಯವರು ಬಂದರೆ ಒಳ್ಳೆಯದೆಂದು ಸಾಹೇಬರೇ ಹೇಳಿದ್ದರು. ತಿಂಗಳ ಕೊನೆಯವರೆಗೆ ನೋಡಿ, ಯಾರೂ ಬರದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುವವರಿದ್ದರು. ಮಾತೆತ್ತಿದರೆ ಮುಗಿಯಿತು.

ಅಂದು ಮಧ್ಯಾಹ್ನ ಮೇಜಿನಲ್ಲಿ ವೆಲ್ಡರನ ಕಿರಿಯ ಸೊಸೆ ಉಪ್ಪಿನ ಡಬ್ಬಿಗೆ ಬೀಗ ಹಾಕಿದ ಸುದ್ದಿ ನಡೆದಿತ್ತು. ಎಲ್ಲರೂ ಅವನಿಗೆ ಸಮಾಧಾನ ಹೇಳಿದ ಮೇಲೆ ಸ್ಟೋರ್‌ಕೀಪರು ನಲ್ಲಿಯ ಕಡೆ ತಿರುಗಿ, ಇವರಿಗೇನಪ್ಪಾ, ಇವರದು ಕಲ್ಲಿನ ಹಾಗೆ ಇರೋ ಬದುಕು ಎಂದರು. ನೆಮ್ಮದಿಯವರು ಶನಿವಾರದಿಂದ ನಿಜವಾಗಿಯೂ ಸಂಕಟದಲ್ಲಿದ್ದರು. ಆ ಪೋರಿ ಹಿಮದಲ್ಲಿ ಒಂಟಿ ಬೆಟ್ಟದ ದಾರಿ ಹಿಡಿದಿದ್ದಳು, ಸಂಚಿಕೆ ಅಲ್ಲಿಗೇ ನಿಂತಿತ್ತು. ಬಾಯಿಂದ ಮಾತು ತಾನಾಗಿ ಜಾರಿತು.

"ಹುಡುಗಿ ಮನೆ ಬಿಟ್ಟು ಹೋಗಿದ್ದಾಳೆ."

ಟೈಪಿಸ್ಟ್ ಮೇಡಂ ಚಮಚ ಕೆಳಗಿಟ್ಟರು. ಯಾವ ಹುಡುಗಿ ಎಂದು ಮೆಲ್ಲಗೆ ಕೇಳಿದರು. ನೆಮ್ಮದಿಯವರು ತಲೆಯೆತ್ತಿದರು. ಮೂರು ಮುಖಗಳು ಅವರ ಕಡೆಗೇ ತಿರುಗಿದ್ದವು. ಈ ಶೆಡ್ಡಿಗೆ ಸೇರಿದಾಗಿನಿಂದ ಇಷ್ಟು ಮುಖಗಳನ್ನು ಅವರು ಒಟ್ಟಿಗೆ ಎದುರಿನಿಂದ ನೋಡಿರಲಿಲ್ಲ, ಕಿವಿಗಳನ್ನಷ್ಟೇ ನೋಡಿದ್ದರು. ಕಾರ್ಟೂನಿನ ಹುಡುಗಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಸಾಯುವವರೆಗೆ ಅವರು ತಲೆಯೆತ್ತಿ ಊಟ ಮಾಡುವ ಹಾಗೂ ಇರುತ್ತಿರಲಿಲ್ಲ.

"ನಮ್ಮ ಅಕ್ಕನ ಮಗಳು," ಎಂದರು.

ಹೇಳಿದ ಮೇಲೆ ಬೆಳಗಿನ ಮಾತು ನೆನಪಾಯಿತು. ಆದರೆ ಅಷ್ಟು ಹೊತ್ತಿಗೆ ವೆಲ್ಡರು ತನ್ನ ಡಬ್ಬಿಯ ಮೊಟ್ಟೆಯನ್ನು, ಅರ್ಧವಲ್ಲ, ಇಡಿಯಾಗಿ ಅವರ ಡಬ್ಬಿಗೆ ಹಾಕಿಯಾಗಿತ್ತು. ಮೊಟ್ಟೆ ತಿಂದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಸಭ್ಯತೆಯಲ್ಲ.

ಒಬ್ಬಳೇ ಹೋದಳಾ ಎಂದು ಸ್ಟೋರ್‌ಕೀಪರು ಕೇಳಿದರು. ಇಲ್ಲ, ಒಬ್ಬ ಕತ್ತಿಯವನ ಜೊತೆ ಎಂದರು ನೆಮ್ಮದಿ. ಕತ್ತಿಯವನೆಂದರೆ ಮಾಂಸದಂಗಡಿಯವನಿರಬೇಕೆಂದು ವೆಲ್ಡರು ಊಹಿಸಿದ. ಆಪರೇಷನ್ ಮಾಡುವ ಡಾಕ್ಟರೂ ಇರಬಹುದಲ್ಲ ಎಂದು ಟೈಪಿಸ್ಟ್ ಮೇಡಂ ಆಸೆಯಿಂದ ಕೇಳಿದರು. ನೆಮ್ಮದಿಯವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದರು.

"ಕತ್ತಿ ಇದೆ, ಆದರೆ ಹಿರಿಯಲ್ಲ ಅಂತ ಶಪಥ ಮಾಡಿದ್ದಾನೆ."

"ಅಂದ್ರೆ ಕೆಲಸ ಇಲ್ಲ," ಎಂದರು ಸ್ಟೋರ್‌ಕೀಪರು.

"ಬೇರೆ ಏನಿದೆ ಅವನ ಹತ್ರ?" ಎಂದ ವೆಲ್ಡರು.

"ಒಂದು ಕತ್ತೆ ಇದೆ. ಅದೂ ಹುಡುಗೀದೇ."

ವೆಲ್ಡರು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದ. ಆಮೇಲೆ ಟೈಪಿಸ್ಟ್ ಮೇಡಂ ಎದ್ದು, ಫ್ಯಾನಿನ ಕೆಳಗಿದ್ದ ತಮ್ಮ ಕುರ್ಚಿಯನ್ನು ತಾವೇ ಎತ್ತಿ ತಂದು ನೆಮ್ಮದಿಯವರನ್ನು ಅದರಲ್ಲಿ ಕೂರಿಸಿದರು.

ಹೀಗೆ ಶುರುವಾದದ್ದು ವಾರದಿಂದ ವಾರಕ್ಕೆ ಬೆಳೆಯಿತು. ಶನಿವಾರ ನೋಡಿದ್ದನ್ನು ನೆಮ್ಮದಿಯವರು ಸೋಮವಾರ ಮೇಜಿಗೆ ತರುತ್ತಿದ್ದರು. ದೊರೆಯನ್ನು ದೊಡ್ಡ ಮನುಷ್ಯ ಎಂದರು, ಕೋಟೆಯನ್ನು ಬಂಗಲೆ ಎಂದರು, ಗಂಟೆಯನ್ನು ಮಾತ್ರ ಗಂಟೆ ಎಂದೇ ಬಿಟ್ಟರು. ಅದು ಹುಡುಗಿಯ ಅಪ್ಪನ ಸ್ವಯಾರ್ಜಿತ ಎಂದು ತಿಳಿದ ಕೂಡಲೇ ಸ್ಟೋರ್‌ಕೀಪರ ಮುಖ ಅರಳಿತು. ಇದು ಓಡಿಹೋದ ಕೇಸಲ್ಲ, ಆಸ್ತಿ ಕೇಸು. ಹುಡುಗಿ ತನ್ನ ಪಾಲಿನ ಗಂಟೆ ಕೇಳಲು ಹೋಗಿದ್ದಾಳೆ, ಅವಳ ಪರವಾಗಿ ತಾವೇ ವಕೀಲರನ್ನು ನೋಡುತ್ತೇನೆ ಎಂದರು. ಹುಡುಗಿಯನ್ನು ಕಿವಿ ಹಿಡಿದು ಎಳೆದು ತರಬೇಕೆಂಬುದು ವೆಲ್ಡರನ ಪಕ್ಷ. ತರಕೂಡದು, ಹೋಗಲಿ, ಗಂಟೆ ಸಿಗುವವರೆಗೂ ಹೋಗಲಿ ಎಂಬುದು ಟೈಪಿಸ್ಟ್ ಮೇಡಂ ಪಕ್ಷ. ಅವರಂತೂ ಆ ಹುಡುಗಿಯ ಬಲದ ಮೇಲೆ ಮನೆಯಲ್ಲಿ ಗಂಡನಿಗೆ ಎದುರು ನಿಂತಿದ್ದರು. ಒಂದು ಹುಡುಗಿ ಕತ್ತೆ ಹೊಡೆದುಕೊಂಡು ಹಿಮದ ಬೆಟ್ಟ ದಾಟುತ್ತಾಳಂತೆ, ನಾನು ತಂಗಿಯ ಮನೆಗೆ ಬಸ್ಸು ಹತ್ತಲು ನಿಮ್ಮನ್ನು ಕೇಳಬೇಕಾ ಎಂದು ಹೇಳಿ ಹೊರಟೇಬಿಟ್ಟಿದ್ದರಂತೆ.

ಊಟದ ಹೊತ್ತು ಮುಗಿದರೂ ಯಾರೂ ಏಳುತ್ತಿರಲಿಲ್ಲ. ಬಿಚ್ಚಿದ ಮೀಟರುಗಳು ಹೊಟ್ಟೆ ತೆರೆದುಕೊಂಡು ಬೆಂಚಿನ ಮೇಲೆ ಬಿದ್ದಿರುತ್ತಿದ್ದವು. ಇದೇನು ನಡೆಯುತ್ತಿದೆ ಎಂದು ಗದರಿಸಲು ಸಾಹೇಬರು ಒಂದು ದಿನ ಬಾಗಿಲಿಗೆ ಬಂದರು. ಗದರಿಸುವ ಮೊದಲು ಒಂದು ವಾಕ್ಯ ಕಿವಿಗೆ ಬಿತ್ತು. ಆಮೇಲೆ ಅವರು ಪ್ರತಿ ಸೋಮವಾರ ಗದರಿಸಲು ಬಂದು, ಬಾಗಿಲಿಗೆ ಒರಗಿ, ಮುಗಿಯುವವರೆಗೂ ನಿಂತು, ಕೊನೆಗೆ ನೆನಪಿಸಿಕೊಂಡು ಗದರಿಸಿ ಹೋಗುವುದು ರೂಢಿಯಾಯಿತು. ಈ ಗುಂಪನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವವರೇ ಇಲ್ಲವಲ್ಲ ಎಂದು ತಮ್ಮ ಕೋಣೆಯಲ್ಲಿ ಗೊಣಗುತ್ತಿದ್ದರಂತೆ. ಒಂದು ಶನಿವಾರ ಟೀವಿಯವರು ಕಾರ್ಟೂನಿನ ಬದಲು ಕುಸ್ತಿ ಹಾಕಿದರು. ಈ ವಾರ ಸುದ್ದಿಯಿಲ್ಲ ಎಂದು ನೆಮ್ಮದಿಯವರು ನಿಜವಾದ ದುಃಖದಿಂದಲೇ ಹೇಳಿದರು. ಇಡೀ ವಾರ ಶೆಡ್ಡಿನಲ್ಲಿ ಸೀಲುಗಳು ವಾರೆ ಬಿದ್ದವು.

ಇತ್ತ ಮನೆಯಲ್ಲಿ ಹೆಂಡತಿ, ಸಾಹೇಬರನ್ನು ಕೇಳಿದಿರಾ ಎಂದು ದಿನಾ ಕೇಳುತ್ತಿದ್ದರು. ಸಾಹೇಬರು ರಜದ ಮೇಲಿದ್ದಾರೆ, ಸಾಹೇಬರಿಗೆ ಹಲ್ಲುನೋವು, ಸಾಹೇಬರ ಮೂಡು ಸರಿಯಿಲ್ಲ ಎಂದು ನೆಮ್ಮದಿಯವರು ಸಾಹೇಬರ ಮೈಮೇಲೆ ಒಂದೊಂದೇ ರೋಗ ಹೇರುತ್ತ ಬಂದರು. ಓಡಿಹೋದ ಹುಡುಗಿಗೆ ಅದೇ ಶೆಡ್ಡಿನಲ್ಲಿ ಕೆಲಸ ಕೇಳುವುದು ಹೇಗೆ? ಕೇಳದಿದ್ದರೆ ತಿಂಗಳು ಮುಗಿದು ಕೆಲಸ ಹೋಗುತ್ತದೆ. ಅಕ್ಕನ ಮಗಳು ಏನೂ ಕೇಳುತ್ತಿರಲಿಲ್ಲ. ಮಿಷನ್ನಿನ ಹಿಂದಿನಿಂದ ನೋಡುತ್ತಿದ್ದಳು ಅಷ್ಟೇ. ಮಾವ ಈಗ ಪೇಪರನ್ನು ಪೂರ್ತಿ ಮಡಚಿಟ್ಟು, ಮಂಡಿಯ ಮೇಲೆ ಕೈಯಿಟ್ಟುಕೊಂಡು ಕಾರ್ಟೂನು ನೋಡುವುದನ್ನು ಅವಳು ಗಮನಿಸಿದ್ದಳು.

ತಿಂಗಳ ಕೊನೆಯ ವಾರ ಒಂದು ಸಂಜೆ ನೆಮ್ಮದಿಯವರು ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದರೆ ಟೈಪಿಸ್ಟ್ ಮೇಡಂ ಹಾಗೂ ವೆಲ್ಡರು ಹಣ್ಣಿನ ಚೀಲ ಹಿಡಿದು, ಮುಖ ಸಣ್ಣದು ಮಾಡಿಕೊಂಡು, ಇವರ ಮನೆಯ ಮೆಟ್ಟಿಲ ಕಡೆಗೇ ಬರುತ್ತಿದ್ದರು. ಹೆಂಡತಿ ಪೇಟೆಗೆ ಹೋಗಿದ್ದರು. ನೆಮ್ಮದಿಯವರು ಯಾವ ವೀರನಿಗೂ ಕಡಿಮೆಯಿಲ್ಲದ ವೇಗದಲ್ಲಿ ನಿರ್ಧಾರ ತೆಗೆದುಕೊಂಡು ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿ, ನಲ್ಲಿ ತಿರುಗಿಸಿ, ಬಾಗಿಲಿಗೆ ಕಿವಿ ಹಚ್ಚಿದರು.

ಬಾಗಿಲು ತೆರೆದವಳು ಅಕ್ಕನ ಮಗಳು. ಕೊರಳಲ್ಲಿ ಅಳತೆಯ ಟೇಪು. ಟೈಪಿಸ್ಟ್ ಮೇಡಂ ಅವಳು ಯಾರೆಂದು ಕೇಳುವ ಮೊದಲೇ ಕಣ್ಣೊರೆಸಿಕೊಂಡು ಶುರುಮಾಡಿಬಿಟ್ಟರು. ಈ ಮನೆಯ ಹುಡುಗಿಯ ವಿಷಯ ಕೇಳಿ ಬಂದೆವು, ಕತ್ತಿಯವನೊಬ್ಬನನ್ನು ಕಟ್ಟಿಕೊಂಡು, ಕತ್ತೆಯ ಜೊತೆ, ಗಂಟೆ ಬಿಡಿಸಿಕೊಳ್ಳಲು ಹೋದವಳು ಬಂಗಲೆಯ ಬಾಗಿಲು ಮುಟ್ಟಿದಳಂತೆ, ಅವಳ ಅತ್ತೆಗೆ ಧೈರ್ಯ ಹೇಳಿ ಹೋಗೋಣವೆಂದು ಬಂದೆವು. ಹೇಳಿ ಮುಗಿಸಿ, ನೀನು ಯಾರಮ್ಮ ಎಂದರು.

ಬಚ್ಚಲಲ್ಲಿ ನೆಮ್ಮದಿಯವರು ಬಾಗಿಲಿಗೆ ಕಿವಿಯನ್ನು ಇನ್ನೂ ಒತ್ತಿದರು.

"ಹೊಲಿಗೆಗೆ ಬಂದಿದ್ದೆ," ಎಂದಿತು ಆ ಸಣ್ಣ ದನಿ.

ಆಮೇಲೆ ಚಹಾ ಮಾಡಿಕೊಟ್ಟ ಸದ್ದು ಕೇಳಿತು. ಹುಡುಗಿ ಸ್ವಭಾವದಲ್ಲಿ ಹೇಗೆ ಎಂದು ವೆಲ್ಡರು ಈ ಹೊಲಿಗೆಯವಳನ್ನೇ ವಿಚಾರಿಸಿದ. ಮಾತು ಕಡಿಮೆ ಎಂದು ಉತ್ತರ ಬಂತು. ಅದೇ ಅಪಾಯ, ಮಾತಾಡುವವರು ಎಲ್ಲೂ ಹೋಗಲ್ಲ ಎಂದು ವೆಲ್ಡರು ಸೊಸೆಯರನ್ನು ನೆನೆದು ನಿಟ್ಟುಸಿರುಬಿಟ್ಟ. ಕತ್ತೆಗೆ ಹಿಮದಲ್ಲಿ ಕಾಲು ಉಳುಕಿತ್ತಲ್ಲ, ಈಗ ಹೇಗಿದೆಯಂತೆ ಎಂದು ಹೊಲಿಗೆಯವಳು ಕೇಳಿದಳು. ವಾಸಿಯಾಗಿದೆಯಂತೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಹಣ್ಣಿಟ್ಟು ಹೋದರು.

ಬಚ್ಚಲ ಬಾಗಿಲನ್ನು ಎರಡು ಸಲ ಬಡಿದ ಸದ್ದಾಯಿತು.

"ಮಾವ, ಅವರು ಹೋದ್ರು. ನಲ್ಲಿ ನಿಲ್ಲಿಸಿ. ಮೀಟರ್ ಓಡ್ತಿದೆ."

ನೆಮ್ಮದಿಯವರು ಒದ್ದೆ ಮುಖದಲ್ಲಿ ಹೊರಗೆ ಬಂದರು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ಅವಳು ಟೇಪನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

"ಅದಕ್ಕೇನಾ ನನ್ನ ಕೆಲಸದ ಮಾತು ಎತ್ತಲಿಲ್ಲ?"

ಅವರು ಪೇಟೆಯಿಂದ ಬಂದ ಹೆಂಡತಿಗೆ ಹಣ್ಣು ತಾವೇ ತಂದದ್ದೆಂದು ಹೇಳಿ, ಆಕೆ ಮತ್ತೆ ಜ್ವರದ ಕಡ್ಡಿ ಹುಡುಕುವಂತೆ ಮಾಡಿದರು. ಅಕ್ಕನ ಮಗಳಿಗೆ ಒಂದು ಹಣ್ಣು ಸುಲಿದುಕೊಟ್ಟರು. ನಾಳೆ ಎಲ್ಲರೆದುರು ಬಾಯಿಬಿಡುತ್ತೇನೆ ಎಂದುಕೊಂಡರು. ಮರುದಿನವೂ ಹಾಗೆಯೇ ಅಂದುಕೊಂಡರು.

ತಿಂಗಳ ಕಡೆಯ ದಿನ ಬಂತು. ಅಂದು ಬಾಯಿಬಿಡಲೇಬೇಕೆಂದು ನೆಮ್ಮದಿಯವರು ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡು ಶೆಡ್ಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದರೆ ಅವರ ಕುರ್ಚಿಯಲ್ಲಿ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಕೂತಿದ್ದರು. ಸ್ಟೋರ್‌ಕೀಪರು ಹೆಮ್ಮೆಯಿಂದ ಪರಿಚಯ ಮಾಡಿಸಿದರು: ತಮ್ಮ ಹೆಂಡತಿಯ ಅಣ್ಣ, ತಾವು ಕೇಳಿಕೊಂಡದ್ದಕ್ಕೆ ಅವರೇ ಖುದ್ದಾಗಿ ಬಂದಿದ್ದಾರೆ, ನಾಲ್ಕೂ ದಿಕ್ಕಿನ ಠಾಣೆಗಳಿಗೆ ಹುಡುಗಿಯ ಚಹರೆ ಕಳಿಸುತ್ತಾರೆ. ಸಾಹೇಬರೂ ಬಾಗಿಲು ಬಿಟ್ಟು ಒಳಗೆ ಬಂದು ನಿಂತಿದ್ದರು.

ಖಾಕಿ ಬಟ್ಟೆ ಕಂಡ ಕೂಡಲೇ ನೆಮ್ಮದಿಯವರ ಬಾಯಿಪಾಠ ಅಳಿಸಿಹೋಯಿತು. ತಲೆಯಲ್ಲಿ ಉಳಿದದ್ದು ಕಾರ್ಟೂನಿನ ಪೋರಿಯ ಮುಖ ಒಂದೇ.

"ಕಣ್ಣು ಹೇಗಿದೆ?" ಎಂದರು ಇನ್‌ಸ್ಪೆಕ್ಟರ್.

"ದೊಡ್ಡದು ಸಾರ್."

"ಎಷ್ಟು ದೊಡ್ಡದು?"

"ಮುಖದಲ್ಲಿ ಅರ್ಧ ಕಣ್ಣೇ ಸಾರ್."

ಇನ್‌ಸ್ಪೆಕ್ಟರ್ ಬರೆದುಕೊಂಡರು. ಕೂದಲು? ನೀಲಿ, ಬಿಸಿಲಲ್ಲಿ ನೋಡಿದರೆ ಇನ್ನೂ ನೀಲಿ. ಬಾಯಿ? ಸುಮ್ಮನಿದ್ದಾಗ ಒಂದು ಗೆರೆ, ಸಿಟ್ಟು ಬಂದರೆ ಗಲ್ಲದವರೆಗೂ ಬಾಯಿಯೇ.

"ಮೂಗು?"

ನೆಮ್ಮದಿಯವರು ಪ್ರಾಮಾಣಿಕವಾಗಿ ಯೋಚಿಸಿದರು.

"ಪಕ್ಕದಿಂದ ನೋಡಿದ್ರೆ ಇದೆ ಸಾರ್. ಎದುರಿಂದ ಇಲ್ಲ."

ಇನ್‌ಸ್ಪೆಕ್ಟರರ ಪೆನ್ನು ನಿಂತಿತು. ವೆಲ್ಡರು ಮುಂದೆ ಬಂದು, ಸಾಕಿ ಬೆಳೆಸಿದವರು ದುಃಖದಲ್ಲಿದ್ದಾರೆ, ಅವರ ಕಣ್ಣಿಗೆ ಹಾಗೆಯೇ ಕಾಣುವುದು, ತಾವು ಸ್ವಲ್ಪ ಕಡಿಮೆ ಮಾಡಿ ಬರೆದುಕೊಳ್ಳಿ ಎಂದು ಬಿನ್ನವಿಸಿದ. ಇನ್‌ಸ್ಪೆಕ್ಟರ್ ಕಡಿಮೆ ಮಾಡುತ್ತಿರುವಾಗಲೇ ಬಾಗಿಲಲ್ಲಿ ನೆರಳು ಬಿತ್ತು.

ಅಕ್ಕನ ಮಗಳು ನಿಂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಕೂದಲು ಬಿಗಿಯಾಗಿ ಕಟ್ಟಿಕೊಂಡಿದ್ದಳು. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

"ಗಾಜು ಕೂರಿಸೋ ಕೆಲಸ ಕೇಳೋಕೆ ಬಂದೆ. ನಾನು ಇವರ ಅಕ್ಕನ ಮಗಳು."

ಹೊಲಿಗೆಯವಳು ಎಂದು ಟೈಪಿಸ್ಟ್ ಮೇಡಂ ತೊದಲಿದರು. ಆಮೇಲೆ ಅವರ ಮುಖದಲ್ಲಿ ಬೆಳಕು ಹತ್ತಿತು. ಅಂದರೆ ಬಂದುಬಿಟ್ಟಿದ್ದಳು, ಆವತ್ತೇ ಮನೆಯಲ್ಲಿದ್ದಳು, ನಮ್ಮ ಕೈಗೇ ಚಹಾ ಕೊಟ್ಟಳು ಎಂದು ಓಡಿಹೋಗಿ ಅವಳನ್ನು ತಬ್ಬಿಕೊಂಡರು. ಸ್ಟೋರ್‌ಕೀಪರು ಬಾಗಿಲಿಂದ ಹೊರಗೆ ಇಣುಕಿ ಕತ್ತೆ ಎಲ್ಲಿ ಕಟ್ಟಿದೆ ಎಂದು ನೋಡಿದರು.

ಸಾಹೇಬರು ಮಾತ್ರ ಗಂಟಲು ಸರಿಮಾಡಿಕೊಂಡರು. ಹುಡುಗಿ ಕ್ಷೇಮವಾಗಿ ಬಂದದ್ದು ಸಂತೋಷ, ಕಥೆ ತಮಗೂ ಇಷ್ಟವಾಗಿತ್ತು, ಆದರೆ ಮನೆಯಲ್ಲೇ ನಿಲ್ಲದವಳು ಬೆಂಚಿನಲ್ಲಿ ನಿಲ್ಲುತ್ತಾಳೆಂದು ನಂಬಿ ಕೆಲಸ ಕೊಡಲಾಗದು, ನಾಳೆ ಹೊರಗಿನವರನ್ನು ಕರೆಯುತ್ತೇನೆ ಎಂದರು.

ನೆಮ್ಮದಿಯವರು ಅಕ್ಕನ ಮಗಳ ಮುಖ ನೋಡಿದರು. ಅವಳು ನೆಲ ನೋಡುತ್ತಿದ್ದಳು. ತಾವು ತಿಂದ ಅಷ್ಟೂ ಮೊಟ್ಟೆಗಳು ಅವರಿಗೆ ಒಟ್ಟಿಗೆ ನೆನಪಾದವು. ಮೇಜಿನ ಅಂಚು ಹಿಡಿದುಕೊಂಡು ನಿಂತರು.

"ಸಾರ್, ಅವಳು ಎಲ್ಲೂ ಹೋಗಿಲ್ಲ. ಮನೆಯಲ್ಲೇ ಇದ್ದಳು. ನಾನು ಹೇಳಿದ್ದೆಲ್ಲ ಟೀವೀಲಿ ಬರೋ ಕಾರ್ಟೂನು. ಶನಿವಾರ ಸಂಜೆ ಬರುತ್ತೆ. ನಾನು ನೋಡ್ತೀನಿ."

ಜೀವಮಾನದಲ್ಲಿ ಅವರು ಮಾಡಿದ ಅತ್ಯಂತ ಧೀರ ಕೆಲಸ ಇದು. ಅದರ ಫಲವಾಗಿ ಶೆಡ್ಡಿನಲ್ಲಿ ಎಲ್ಲರೂ ಕರುಣೆಯಿಂದ ತಲೆಯಾಡಿಸಿದರು. ಪಾಪ, ಮರ್ಯಾದೆಗೆ ಅಂಜಿ ಹೇಗೆ ಮುಚ್ಚಿಹಾಕುತ್ತಿದ್ದಾರೆ ನೋಡಿ ಎಂದು ಟೈಪಿಸ್ಟ್ ಮೇಡಂ ಮೂಗೊರೆಸಿಕೊಂಡರು. ಹಿಮದಲ್ಲಿ ಅವಳು ಬಿದ್ದ ದಿನ ಈ ಮನುಷ್ಯ ನನ್ನ ಮುಂದೆ ಅತ್ತಿದ್ದರು, ಕಾರ್ಟೂನಿಗೆ ಯಾರಾದರೂ ಅಳುತ್ತಾರಾ ಎಂದು ವೆಲ್ಡರು ಸಾಕ್ಷಿ ಹೇಳಿದ. ಪಿಂಚಣಿಗೆ ಹತ್ತಿರವಾದ ನೌಕರನೊಬ್ಬ ಕಾರ್ಟೂನು ನೋಡುತ್ತಾನೆಂದು ನಾನು ನಂಬಬೇಕಾ ಎಂದರು ಸಾಹೇಬರು. ನೆಮ್ಮದಿಯವರು ದೊರೆ, ಕೋಟೆ, ಸಮುರಾಯ್ ಎಂದು ಎಷ್ಟೆಷ್ಟು ಬಿಡಿಸಿ ಹೇಳಿದರೋ ಅಷ್ಟಷ್ಟು ಅವರ ತಲೆ ಕೆಟ್ಟಿದೆಯೆಂದು ಎಲ್ಲರಿಗೂ ಖಾತ್ರಿಯಾಯಿತು. ಸ್ಟೋರ್‌ಕೀಪರು ಅವರಿಗೆ ಕುಡಿಯಲು ನೀರು ಕೊಟ್ಟರು.

ಇನ್‌ಸ್ಪೆಕ್ಟರ್ ಅವರನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದರು. ಅವಳ ಮುಖದಲ್ಲಿನ ಮೂಗನ್ನು ಎದುರಿನಿಂದ ನೋಡಿ ಖಚಿತ ಮಾಡಿಕೊಂಡು, ಕತ್ತಿಯವನು ಎಲ್ಲಿ ಎಂದು ಕೇಳಿದರು.

ಅಕ್ಕನ ಮಗಳು ತಲೆಯೆತ್ತಿದಳು. ಮೊದಲು ಮಾವನನ್ನು ನೋಡಿದಳು, ಆಮೇಲೆ ಹೊಟ್ಟೆ ತೆರೆದು ಬಿದ್ದಿದ್ದ ಮೀಟರುಗಳನ್ನು, ಆಮೇಲೆ ಊಟ ಮುಗಿದು ಎಷ್ಟೋ ಹೊತ್ತಾದರೂ ಕದಲದೆ ಸುತ್ತ ನಿಂತವರನ್ನು, ಒಬ್ಬೊಬ್ಬರನ್ನಾಗಿ. ನೆಮ್ಮದಿಯವರು ಕಣ್ಣಲ್ಲೇ ಬೇಡಿಕೊಂಡರು. ಏನನ್ನು ಬೇಡಿಕೊಳ್ಳುತ್ತಿದ್ದೇನೆಂದು ಅವರಿಗೇ ತಿಳಿದಿರಲಿಲ್ಲ.

"ಅವನನ್ನ ದಾರೀಲೇ ಬಿಟ್ಟು ಬಂದೆ ಸಾರ್," ಎಂದಳು. "ಕತ್ತಿ ಹಿರಿಯಲ್ಲ ಅಂತ ಶಪಥ ಮಾಡಿದ್ದಾನೆ, ಅವನಿಂದ ಯಾರಿಗೂ ತೊಂದರೆ ಇಲ್ಲ. ಉಪಯೋಗಾನೂ ಇಲ್ಲ."

ಇನ್‌ಸ್ಪೆಕ್ಟರ್ ಪೆನ್ನು ಮುಚ್ಚಿ ಜೇಬಿಗಿಟ್ಟರು. ಅವಳು ಸಾಹೇಬರ ಕಡೆ ತಿರುಗಿದಳು. ದನಿ ಇನ್ನೂ ಸಣ್ಣದೇ, ಆದರೆ ಮಿಷನ್ನಿನ ಸೂಜಿಯ ಹಾಗೆ ಒಂದೇ ಸಮನೆ ನಡೆಯಿತು.

"ಮನೇಲಿ ನಿಲ್ಲದವಳು ಅಂದ್ರಿ. ಒಬ್ಬ ಯಾವಾಗ್ಲೂ ಮಲಗಿರೋನು, ಇನ್ನೊಂದು ಕತ್ತೆ. ಇಬ್ಬರನ್ನೂ ಬೆಳಿಗ್ಗೆ ಎಬ್ಬಿಸಿ, ಹೊತ್ತಿಗೆ ಸರಿಯಾಗಿ ಊಟ ಮುಗಿಸಿ, ಬೆಟ್ಟ ಹತ್ತಿಸಿ ಇಳಿಸಿದವಳು ನಾನು. ಇಲ್ಲಿರೋದು ಮೂರು ಜನ, ಜೊತೆಗೆ ನಮ್ಮ ಮಾವ. ಬೆಟ್ಟ ಕೂಡ ಇಲ್ಲ."

ಸಾಹೇಬರು ಮೇಜು ನೋಡಿದರು, ಗಡಿಯಾರ ನೋಡಿದರು, ಮತ್ತೆ ಮೇಜು ನೋಡಿದರು. ಅವರ ಕಣ್ಣಲ್ಲಿ ಬಹುದಿನದ ಕಾಯಿಲೆಗೆ ಔಷಧಿ ಸಿಕ್ಕವನ ಹೊಳಪಿತ್ತು. ನಾಳೆಯಿಂದಲೇ ಬಾ ಎಂದರು. ಆಮೇಲೆ ಸ್ವಲ್ಪ ಹಿಂಜರಿದು, ತಗ್ಗಿದ ದನಿಯಲ್ಲಿ, ಗಂಟೆ ಸಿಕ್ಕಿತಾ ಎಂದು ಕೇಳಿದರು.

"ಸೋಮವಾರ ಹೇಳ್ತೀನಿ ಸಾರ್. ಈಗ ಊಟದ ಹೊತ್ತು ಮುಗಿದಿದೆ."

ಆ ಶನಿವಾರ ಧಾರಾವಾಹಿಯ ಕೊನೆಯ ಸಂಚಿಕೆ. ಮಾವನೂ ಅಕ್ಕನ ಮಗಳೂ ಪಕ್ಕಪಕ್ಕ ಕೂತು ನೋಡಿದರು. ಗಂಟೆ ಸಿಕ್ಕಿತು. ಆದರೆ ಪೋರಿ ಊರಿಗೆ ಬಂದವಳೇ ತಲೆತಗ್ಗಿಸಿ ಊರಿನ ಗಂಡಸರ ಕ್ಷಮೆ ಕೇಳಿ ಅಡುಗೆಮನೆ ಸೇರಿಕೊಂಡಳು, ಗಂಡಸರು ಗಂಟೆ ಬಾರಿಸಿದರು. ಅಕ್ಕನ ಮಗಳು ಎದ್ದುಹೋಗಿ ಟೀವಿಯ ಬಾಯಿ ಮುಚ್ಚಿಸಿದಳು.

"ಇದನ್ನ ಶೆಡ್ಡಲ್ಲಿ ಹೇಳಬೇಡಿ ಮಾವ. ನಾನು ಹೇಳ್ತೀನಿ."

ಸೋಮವಾರ ಅವಳು ಹೇಳಿದಳು. ನಾಲ್ಕೇ ಮಾತಿನಲ್ಲಿ, ತಟ್ಟೆ ನೋಡಿಕೊಂಡು ಹೇಳಿದಳು, ಆದರೆ ಆ ನಾಲ್ಕು ಮಾತಿಗೆ ವೆಲ್ಡರು ಅಗಿಯುವುದನ್ನು ಮರೆತ. ಕರಗಿಸಲು ಬೆಂಕಿ ಹಾಕಿದವರಿಂದಲೇ ಗಂಟೆಯನ್ನು ಬೆಟ್ಟದ ಮೇಲಕ್ಕೆ ಹೊರಿಸಿದಳಂತೆ. ಅದನ್ನು ಊರಿಗೆ ತರದೆ ಬೆಟ್ಟದ ಮೇಲೆಯೇ ತೂಗುಹಾಕಿದಳಂತೆ, ಬೇಕಾದವರು ಹತ್ತಿಕೊಂಡು ಹೋಗಿ ಬಾರಿಸಲಿ ಎಂದು. ಊರಿನಲ್ಲಿ ಸಭೆ ಸೇರಿದಾಗ ಎಲ್ಲರಿಗಿಂತ ಉದ್ದದ ನಿಟ್ಟುಸಿರು ಬಿಟ್ಟವರು ಯಾರು ಎಂದು ಟೈಪಿಸ್ಟ್ ಮೇಡಂ ಕೇಳಿದರು.

"ನಮ್ಮ ಮಾವ," ಎಂದಳು.

ಎಲ್ಲರೂ ನೆಮ್ಮದಿಯವರನ್ನು ನೋಡಿದರು. ನಾನು ಆ ಊರಿನಲ್ಲೇ ಇರಲಿಲ್ಲ, ಅಂಥ ಊರೇ ಇಲ್ಲ ಎಂದು ಹೇಳಲು ಅವರು ಬಾಯಿ ತೆರೆದು, ಸ್ಟೋರ್‌ಕೀಪರನ್ನು ನೋಡಿ, ಅವರ ಹೆಂಡತಿಯ ಅಣ್ಣ ಇನ್‌ಸ್ಪೆಕ್ಟರ್ ನೆನಪಾಗಿ ಮುಚ್ಚಿಕೊಂಡರು. ಇನ್ನು ಮುಂದೆ ಪ್ರತಿ ಮಧ್ಯಾಹ್ನ ಅವಳು ಏನು ಹೇಳಿದರೂ ಅದು ನಡೆದದ್ದೇ. ಮುಂದಿನ ವಾರ ಅವಳು ಬೇಕೆಂದರೆ ಕತ್ತೆಯನ್ನು ಅವರ ಕೈಯಲ್ಲೇ ಮಾರಿಸಬಹುದು.

"ಯಾಕೆ ನೆಮ್ಮದಿಯವರೇ, ಮುಖ ಬಾಡಿದೆ," ಎಂದರು ಟೈಪಿಸ್ಟ್ ಮೇಡಂ. "ಮನೇಲಿ ಏನಾದ್ರೂ ಕಷ್ಟಾನಾ?"

ಇಷ್ಟು ಗಟ್ಟಿಯಾದ, ಯಾರಿಂದಲೂ ಎರವಲು ತಾರದ, ಸ್ವಂತದ್ದೇ ಆದ ಒಂದು ಕಷ್ಟ ಅವರ ಬದುಕಿನಲ್ಲಿ ಬಂದದ್ದು ಇದೇ ಮೊದಲು. ಹೇಳಿಕೊಂಡರೆ ಒಂದು ವರ್ಷಕ್ಕಾಗುವಷ್ಟಿತ್ತು. ಎದುರಿಗೆ ಅಕ್ಕನ ಮಗಳು ಡಬ್ಬಿಯ ಮುಚ್ಚಳ ಹಿಡಿದು, ತಾನೂ ಕೇಳೋಣವೆಂಬಂತೆ, ಕಣ್ಣು ದೊಡ್ಡದು ಮಾಡಿಕೊಂಡು ಕಾಯುತ್ತಿದ್ದಳು.

"ಏನಿಲ್ಲ," ಎಂದರು ಅವರು. "ನೆಮ್ಮದಿಯಾಗಿದ್ದೀನಿ."

ಅಕ್ಕನ ಮಗಳು ಗಡಿಯಾರ ನೋಡಿ, ಮುಚ್ಚಳ ಒತ್ತಿ ಎದ್ದಳು. ಸ್ಟೋರ್‌ಕೀಪರು ಎದ್ದರು, ವೆಲ್ಡರು ಎದ್ದ, ಟೈಪಿಸ್ಟ್ ಮೇಡಂ ಎದ್ದರು. ಬಾಗಿಲಿಗೆ ಒರಗಿದ್ದ ಸಾಹೇಬರು ನೆಟ್ಟಗೆ ನಿಂತು, ಗದರಿಸಲು ಏನೂ ಉಳಿದಿಲ್ಲದ್ದರಿಂದ, ತಮ್ಮ ಕೋಣೆಗೆ ಬೇಗಬೇಗ ನಡೆದರು.